ಘಟ್ಟದ ಮಂಗಗಳ ಮನೆತನ ಬರೆದುಕೊಂಡ ಅನುಭವ: ಅನುಮತಿ ಅರ್ಜಿಯಿಂದ ಪ್ರಬಂಧದವರೆಗೆ

ಕಳೆದ ತಿಂಗಳು ನನ್ನ ಪಿಎಚ್‌ಡಿ ಪ್ರಬಂಧ ಸಲ್ಲಿಸಿದೆ. ಶಿರಸಿ ಕಡೆಯ ಒಂದು ಘಟ್ಟದ ಮಂಗಗಳ ಗುಂಪಿನಲ್ಲಿ ಯಾರು ಯಾರಿಗೆ ಏನಾಗಬೇಕು, ಆ ನೆಂಟಸ್ತಿಕೆ ಅವುಗಳ ದಿನದ ಬದುಕಿನಲ್ಲಿ ಹೇಗೆ ಕಾಣುತ್ತದೆ ಅನ್ನೋದು ವಿಷಯ. ಪ್ರಬಂಧ ಕೊಟ್ಟು ಊರಿಗೆ ಬಂದ ಮೇಲೆ ಇಬ್ಬರು ಕಿರಿಯರು ಫೋನ್ ಮಾಡಿದರು. "ಅಕ್ಕಾ, ನಾವೂ ಮಂಗಗಳ ಮೇಲೆ ಕೆಲಸ ಮಾಡಬೇಕು ಅಂತಿದ್ದೀವಿ. ಎಲ್ಲಿಂದ ಶುರು ಮಾಡೋದು?" ಅಂತ ಕೇಳಿದರು. ಪುಸ್ತಕಗಳಲ್ಲಿ ಸಿದ್ಧಾಂತ ಸಿಗುತ್ತದೆ. ಯಾವ ಕಚೇರಿಗೆ ಯಾವ ಕಾಗದ ಕೊಡಬೇಕು, ಒಂದೇ ಥರ ಕಾಣುವ ಎರಡು ಹೆಣ್ಣುಗಳನ್ನು ಗುರುತು ಹಿಡಿಯೋದು ಹೇಗೆ, ಉಣುಗಿನ ಕಾಲದಲ್ಲಿ ಕಾಡಿಗೆ ಹೋಗೋದು ಹೇಗೆ, ಇವೆಲ್ಲ ಸಿಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಗುಂಪು ಇರುವ ಜಾಗದ ಹೆಸರು ಮಾತ್ರ ಹೇಳುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ತೀರ್ಮಾನ ಆಗಬೇಕಾದದ್ದು ಯಾವ ಮಂಗ ಅನ್ನೋದು. ಉತ್ತರ ಕನ್ನಡದ ಘಟ್ಟದಲ್ಲಿ ಮೂರು ಬಗೆ ಇವೆ: ಸಿಂಗಳೀಕ, ಕಪ್ಪು ಮುಖದ ಮುಸಿಯ, ಮತ್ತು ನಾವು ಎಲ್ಲ ಕಡೆ ನೋಡುವ ಕಂದು ಮಂಗ. ಮೂರರ ಸಂಸಾರವೂ ಬೇರೆ ಬೇರೆ.

ಸಿಂಗಳೀಕದ ಗುಂಪಿನಲ್ಲಿ ಸಾಮಾನ್ಯವಾಗಿ ಒಂದೇ ದೊಡ್ಡ ಗಂಡು, ಹಲವು ಹೆಣ್ಣು. ಅವು ಮರದ ತುದಿಯಲ್ಲೇ ಇರುತ್ತವೆ, ಕೆಳಗಿಳಿಯೋದು ಕಮ್ಮಿ. ಮೂವತ್ತು ಮೀಟರ್ ಎತ್ತರದಲ್ಲಿ ಎಲೆಗಳ ಮಧ್ಯೆ ಯಾರು ಯಾರ ಮಗಳು ಅಂತ ನೋಡಲು ವರ್ಷಗಳೇ ಬೇಕು. ಮುಸಿಯಗಳ ಕತೆ ಬೇರೆ. 1961ರಿಂದ 1963ರವರೆಗೆ ಜಪಾನಿನ ಯುಕಿಮಾರು ಸುಗಿಯಾಮಾ ಮತ್ತು ಅವರ ಜೊತೆಗಾರರು ನಮ್ಮ ಧಾರವಾಡದ ಸುತ್ತಲಿನ ಕಾಡಿನಲ್ಲಿ ಮುಸಿಯಗಳನ್ನು ನೋಡಿದರು. ಹೊರಗಿನ ಗಂಡುಗಳು ಬಂದು ಗುಂಪಿನ ಯಜಮಾನನನ್ನು ಓಡಿಸುವುದು, ಆಮೇಲೆ ಗೆದ್ದ ಗಂಡು ಹಳೆಯ ಮರಿಗಳನ್ನು ಕೊಲ್ಲುವುದು, ಇದನ್ನು ಜಗತ್ತಿಗೆ ಮೊದಲು ವಿವರವಾಗಿ ತಿಳಿಸಿದ್ದು ಆ ಧಾರವಾಡದ ಕೆಲಸವೇ. ಎಷ್ಟು ಜನ ಕನ್ನಡಿಗರಿಗೆ ಇದು ಗೊತ್ತು? ಶಾಲೆಯ ಪಾಠದಲ್ಲಿ ಇರಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಮುಸಿಯಗಳಲ್ಲಿ ನೆಂಟಸ್ತಿಕೆ ನೋಡುವವರಿಗೆ ಒಂದು ತೊಡಕಿದೆ. ಹುಟ್ಟಿದ ಮರಿಯನ್ನು ಮೊದಲ ದಿನಗಳಿಂದಲೇ ಬೇರೆ ಹೆಣ್ಣುಗಳು ಎತ್ತಿಕೊಂಡು ತಿರುಗುತ್ತವೆ. ತಾಯಿ ಯಾರು, ಚಿಕ್ಕಮ್ಮ ಯಾರು ಅಂತ ಹೊಸಬರಿಗೆ ತಿಳಿಯುವುದು ಕಷ್ಟ.

ಕಂದು ಮಂಗ, ಅಂದರೆ ನೆತ್ತಿಯ ಕೂದಲು ಟೋಪಿಯಂತೆ ಹರಡಿರುವ ಬಾನೆಟ್ ಮಕಾಕ್, ನೆಲಕ್ಕೆ ಇಳಿಯುತ್ತದೆ, ರಸ್ತೆ ಬದಿಗೂ ಬರುತ್ತದೆ, ಮುಖ ಕಾಣುತ್ತದೆ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಸಹಜವಾಗಿ ಇಲ್ಲ. ಎಲ್ಲೆಲ್ಲೂ ಇದೆ ಅಂತ ನಾವು ಅಂದುಕೊಂಡಿರುವ ಈ ಮಂಗ ಈಗ ಅಪಾಯದ ಅಂಚಿನ ಪಟ್ಟಿಗೆ ಸೇರಿದೆ. ಹಲವು ಗಂಡು, ಹಲವು ಹೆಣ್ಣು ಒಟ್ಟಿಗಿರುವ ಗುಂಪು. ಹೆಣ್ಣು ಹುಟ್ಟಿದ ಗುಂಪಿನಲ್ಲೇ ಸಾಯುವ ತನಕ ಇರುತ್ತದೆ. ಗಂಡುಗಳಲ್ಲಿ ಬಹಳಷ್ಟು ಬೆಳೆದ ಮೇಲೆ ಬೇರೆ ಗುಂಪು ಹುಡುಕಿಕೊಂಡು ಹೋಗುತ್ತವೆ. ಹಾಗಾಗಿ ಅಜ್ಜಿ, ಅಮ್ಮ, ಮಗಳು, ಮೊಮ್ಮಗಳು ಅನ್ನುವ ಸಾಲು ಒಂದೇ ಜಾಗದಲ್ಲಿ ನೋಡಲು ಸಿಗುತ್ತದೆ. ನಾನು ಇದನ್ನೇ ಆರಿಸಿಕೊಂಡೆ.

ಇನ್ನು ಅನುಮತಿ. ಇಲ್ಲಿ ತಾಳ್ಮೆ ಬೇಕು. ಅಭಯಾರಣ್ಯದೊಳಗೆ ಅಧ್ಯಯನ ಮಾಡಬೇಕಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅರ್ಜಿ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಅರಣ್ಯ ಭವನಕ್ಕೆ ಹೋಗುತ್ತದೆ. ನಮ್ಮ ಕಡೆ 2011ರಲ್ಲಿ ಸಿಂಗಳೀಕಕ್ಕಾಗಿ ಅಘನಾಶಿನಿ ಸಂರಕ್ಷಣಾ ಮೀಸಲು ಬಂತು. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯ ದೊಡ್ಡದಾಗಿ ಸಿಂಗಳೀಕ ಅಭಯಾರಣ್ಯವಾಯಿತು. ಹಾಗಾಗಿ ಹಳೆಯ ನಕಾಶೆ ನಂಬಬೇಡಿ. ನಿಮ್ಮ ಗುಂಪು ಓಡಾಡುವ ಜಾಗ ಈಗ ಯಾವ ಗಡಿಯೊಳಗಿದೆ ಅಂತ ಮೊದಲು ವಲಯ ಕಚೇರಿಯಲ್ಲಿ ಕೇಳಿ. ಮಂಗಗಳಿಗೆ ಗಡಿ ಗೊತ್ತಿರುವುದಿಲ್ಲ ಅಲ್ವಾ. ನಾನು ನೋಡಿದ ಗುಂಪು ಬೆಳಿಗ್ಗೆ ರಿಸರ್ವ್ ಫಾರೆಸ್ಟಿನಲ್ಲಿ, ಮಧ್ಯಾಹ್ನ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರಲು ಮನೆತನಗಳಿಗೆ ಬಿಟ್ಟ ಕಾಡು), ಸಂಜೆ ಯಾರದೋ ಅಡಿಕೆ ತೋಟದಲ್ಲಿ ಇರುತ್ತಿತ್ತು. ಕಾಡಿಗೆ ಇಲಾಖೆಯ ಅನುಮತಿ ಬೇಕು. ಬೆಟ್ಟಕ್ಕೂ ತೋಟಕ್ಕೂ ಆ ಮನೆಯವರ ಒಪ್ಪಿಗೆ ಬೇಕು.

ಅರ್ಜಿಯ ಜೊತೆ ನಾನು ಕೊಟ್ಟ ಕಾಗದಗಳು ಇವು: ಮಾರ್ಗದರ್ಶಕರ ಪತ್ರ, ವಿಭಾಗದ ಬೋನಫೈಡ್, ಯೋಜನೆಯ ವಿವರ, ಕನ್ನಡದಲ್ಲಿ ಎರಡು ಪುಟದ ಸಾರಾಂಶ, ಜಿಪಿಎಸ್ ಗುರುತಿರುವ ನಕಾಶೆ, ಕೆಲಸದ ಅವಧಿ, ಸಹಾಯಕರ ಗುರುತಿನ ಚೀಟಿ, ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಪತ್ರ, ಪ್ರಾಣಿಗಳನ್ನು ಹಿಡಿಯುವುದಿಲ್ಲ ಮುಟ್ಟುವುದಿಲ್ಲ ಅನ್ನುವ ಮುಚ್ಚಳಿಕೆ. ಇದರಲ್ಲಿ ಆ ಕನ್ನಡ ಸಾರಾಂಶದಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ. ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಯಿಂದ ಹಿಡಿದು ಗಾರ್ಡ್‌ವರೆಗೆ ಎಲ್ಲರೂ ಓದಿದ್ದು ಅದನ್ನೇ. ಒಂದು ಮುಖ್ಯ ವಿಷಯ: ಹಿಕ್ಕೆ ಸಂಗ್ರಹಿಸುವ ಯೋಚನೆ ಇದ್ದರೆ ಮೊದಲ ಅರ್ಜಿಯಲ್ಲೇ ಬರೆಯಿರಿ. ಬರೀ ನೋಡುವುದಕ್ಕೆ ಅನುಮತಿ ತೆಗೆದುಕೊಂಡು ಆಮೇಲೆ ಸೇರಿಸಲು ಹೋದರೆ ಫೈಲು ಮತ್ತೆ ಮೊದಲಿನಿಂದ ತಿರುಗುತ್ತದೆ.

ನನ್ನ ಫೈಲು ಒಂದು ಕಚೇರಿಯ ಟಪಾಲು ಸೆಕ್ಷನ್ನಿನಲ್ಲಿ ಮಳೆಗಾಲ ಪೂರ್ತಿ ಕೂತಿತು. ಹೋದಾಗಲೆಲ್ಲ "ಮೇಲೆ ಹೋಗಿದೆ ಮೇಡಂ" ಅನ್ನುತ್ತಿದ್ದರು. ಕೊನೆಗೆ ಇನ್‌ವರ್ಡ್ ನಂಬರ್ (ಅರ್ಜಿ ಬಂದಾಗ ಕಚೇರಿಯಲ್ಲಿ ದಾಖಲಿಸುವ ಸಂಖ್ಯೆ) ಹಿಡಿದು ಹುಡುಕಿದಾಗ ಬೇರೆ ಕಟ್ಟಿನಲ್ಲಿ ಸಿಕ್ಕಿತು. ಆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತದ್ದು ನೆನಪಿದೆ. ಇನ್‌ವರ್ಡ್ ನಂಬರ್ ಬರೆಸಿಕೊಳ್ಳದೆ ಯಾವ ಕಚೇರಿಯಿಂದಲೂ ಹೊರಗೆ ಬರಬೇಡಿ. ಆದೇಶ ಬಂದ ಮೇಲೆ ಅದರ ಪ್ರತಿಗಳನ್ನು ಡಿಸಿಎಫ್, ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ), ವಲಯ ಅರಣ್ಯಾಧಿಕಾರಿ, ಊರಿನ ಪೊಲೀಸ್ ಠಾಣೆ, ಗ್ರಾಮ ಪಂಚಾಯ್ತಿ ಎಲ್ಲರಿಗೂ ಕೊಟ್ಟು ಸೀಲು ಹಾಕಿಸಿಕೊಳ್ಳಿ. ದುರ್ಬೀನು ಹಿಡಿದು ಮುಂಜಾನೆ ಕಾಡಂಚಿನಲ್ಲಿ ನಿಂತ ಹೊಸಬರನ್ನು ನೋಡಿದರೆ ಜನ ವಿಚಾರಿಸುತ್ತಾರೆ, ವಿಚಾರಿಸಲೇಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು. ಕೋಣೆ ಹುಡುಕುವಾಗ ಬಾಡಿಗೆಗಿಂತ ಮನೆಯವರನ್ನು ನೋಡಿ. ಬೆಳಿಗ್ಗೆ ಐದಕ್ಕೆ ಹೊರಡುವುದು, ಕತ್ತಲಾದ ಮೇಲೆ ಬರುವುದು ಇದ್ದೇ ಇರುತ್ತದೆ. ನನಗೆ ಸಿಕ್ಕ ಮನೆಯ ಅಮ್ಮ ಬರುವುದು ತಡವಾದರೆ ಟಾರ್ಚ್ ಹಿಡಿದು ಬೇಲಿಯ ದಣಪೆಯವರೆಗೆ ಬಂದು ನಿಲ್ಲುತ್ತಿದ್ದರು. ಕಾಡಿಗೆ ಒಬ್ಬರೇ ಹೋಗಬೇಡಿ. ನನ್ನ ಸಹಾಯಕ ಅದೇ ಊರಿನವರು, ಜೇನು ತೆಗೆಯುವವರು. ಯಾವ ತಿಂಗಳು ಯಾವ ಅತ್ತಿಮರ ಹಣ್ಣಾಗುತ್ತದೆ, ಮುರುಗಲು ಎಲ್ಲಿ ಜಾಸ್ತಿ, ಮಂಗಗಳು ರಾತ್ರಿ ಯಾವ ಮರದಲ್ಲಿ ಮಲಗುತ್ತವೆ, ಎಲ್ಲ ಬಾಯಲ್ಲೇ ಇತ್ತು. ಅವರಿಲ್ಲದೆ ಈ ಪ್ರಬಂಧವೇ ಇಲ್ಲ. ಅವರ ಕೂಲಿಯನ್ನು ಯೋಜನೆಯ ಖರ್ಚಿನಲ್ಲಿ ಮೊದಲೇ ಬರೆದುಕೊಳ್ಳಿ, ಚೆನ್ನಾಗಿ ಕೊಡಿ.

ತೋಟದವರ ಜೊತೆ ಮಾತು ಇಷ್ಟು ಸುಲಭ ಇರಲಿಲ್ಲ. ಮೊದಲ ವಾರವೇ ಒಬ್ಬ ಹಿರಿಯರು ಅಂಗಳದಲ್ಲಿ ಕೂರಿಸಿ, ಕುಡಿಯಲು ಪಾನಕ ಕೊಟ್ಟು ಕೇಳಿದರು: "ತಂಗೀ, ಮಂಗನ ನೆಂಟರು ಯಾರು ಅಂತ ತಿಳಿದು ಎಂತ ಮಾಡಲಿಕ್ಕಿದೆ? ನಮ್ಮ ಬಾಳೆಗೊನೆ ಉಳಿಸಲಿಕ್ಕೆ ಏನಾದರೂ ಇದ್ದರೆ ಹೇಳು." ಅವರ ತೋಟದಲ್ಲಿ ಆ ವರ್ಷ ಬಾಳೆ ಉಳಿದಿರಲಿಲ್ಲ, ಏಲಕ್ಕಿ ಹಾಳಾಗಿತ್ತು. ಅವರ ನಷ್ಟ ನಿಜ. ನಾನು ಉತ್ತರ ಕೊಡಲಿಲ್ಲ, ಕೊಡುವಷ್ಟು ಗೊತ್ತಿರಲಿಲ್ಲ. ಉತ್ತರ ಮೂರನೇ ವರ್ಷದಲ್ಲಿ ಸಿಕ್ಕಿತು.

ಈಗ ಗುರುತು ಹಿಡಿಯುವ ಕೆಲಸ. ಮೊದಲ ತಿಂಗಳುಗಳಲ್ಲಿ ಎಲ್ಲ ಮಂಗವೂ ಒಂದೇ. ಯಾರಿಗಾದರೂ ಹಾಗೇ ಆಗುತ್ತದೆ, ಹೆದರಬೇಡಿ. ಕಿವಿಯ ಅಂಚು ಹರಿದಿರೋದು, ಬಾಲದ ತುದಿ ಸೊಟ್ಟ, ತುಟಿಯ ಗಾಯದ ಗುರುತು, ಮುಖದ ಮೇಲಿನ ಕಪ್ಪು ಚುಕ್ಕೆ, ನೆತ್ತಿಯ ಸುಳಿ ಎಡಕ್ಕೋ ಬಲಕ್ಕೋ, ಬೆರಳು ಮಡಚಿರೋದು. ಪ್ರತಿಯೊಂದಕ್ಕೂ ಎಡ, ಬಲ, ಮುಂದೆ, ಹಿಂದೆ ನಾಲ್ಕು ಫೋಟೋ ತೆಗೆದು ಆಲ್ಬಮ್ ಮಾಡಿದೆ. ನಂಬರ್ ಬದಲು ಹೆಸರು ಇಟ್ಟೆ. ಒಂದು ತಾಯಿಯ ಸಾಲಿಗೆ ಒಂದೇ ಅಕ್ಷರ: ಕಾವೇರಿ, ಅವಳ ಮಗಳು ಕಮಲಿ, ಕಮಲಿಯ ಮಗ ಕಿಟ್ಟ. ಗಂಗೆಯ ಮನೆತನ ಗ ಅಕ್ಷರದ್ದು. ತುಂಗೆಯದ್ದು ತ. ಹೊರಗಿನಿಂದ ಬಂದ ಗಂಡುಗಳಿಗೆ ಮರದ ಹೆಸರು: ಮತ್ತಿ, ನಂದಿ, ಹೊನ್ನೆ. ಹೆಸರು ಕೇಳಿದ ಕೂಡಲೇ ಮನೆತನ ಗೊತ್ತಾಗುತ್ತದೆ, ಹಾಳೆಯಲ್ಲಿ ಬರೆಯುವಾಗ ಗೊಂದಲ ಆಗುವುದಿಲ್ಲ.

ಗುಂಪಿಗೆ ನಮ್ಮ ಅಭ್ಯಾಸ ಆಗಲಿ ಅಂತ ತಿನ್ನಲು ಕೊಡುವವರಿದ್ದಾರೆ. ದಯವಿಟ್ಟು ಬೇಡ. ತಿಂಡಿ ಬಿದ್ದ ಕಡೆ ಜಗಳ ಹೆಚ್ಚುತ್ತದೆ, ಸಂಬಂಧದ ರೀತಿಯೇ ಬದಲಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ಬಂಡೀಪುರ, ಮುದುಮಲೈ ಭಾಗದ ಇದೇ ಜಾತಿಯ ಮಂಗಗಳ ಬಗ್ಗೆ 2005ರಲ್ಲಿ ಬರೆದಿದ್ದಾರೆ. ಪ್ರವಾಸಿಗರ ತಿಂಡಿ ಸಿಗುವ ಕಡೆ ಒಂದೇ ಗಂಡಿರುವ ಸಣ್ಣ ಗುಂಪುಗಳು ಕಾಣಿಸಿಕೊಂಡಿವೆ ಅಂತ. ಒಂದು ಪೊಟ್ಟಣ ಚಿಪ್ಸ್ ಗುಂಪಿನ ಕಟ್ಟನ್ನೇ ಬದಲಾಯಿಸಬಹುದು. ನಾವು ಹತ್ತು ಮೀಟರ್ ದೂರ ನಿಂತು, ಮಾಸ್ಕ್ ಹಾಕಿ, ಕಣ್ಣಿಗೆ ಕಣ್ಣು ಕೊಡದೆ ನೋಡುತ್ತಿದ್ದೆವು. ನಮ್ಮ ನೆಗಡಿ ಅವಕ್ಕೂ ಬರುತ್ತದೆ. ಕೆಲವು ತಿಂಗಳಲ್ಲಿ ಅವು ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟವು. ಕೆಲಸ ನಿಜವಾಗಿ ಶುರುವಾದದ್ದು ಆವತ್ತಿನಿಂದ.

ನೋಡುವುದಕ್ಕೂ ಒಂದು ಕ್ರಮ ಇದೆ. ಅಮೆರಿಕದ ಪ್ರಾಣಿ ವರ್ತನೆ ವಿಜ್ಞಾನಿ ಜೀನ್ ಆಲ್ಟ್‌ಮನ್ 1974ರಲ್ಲಿ ಹೇಳಿಕೊಟ್ಟ ರೀತಿಯನ್ನೇ ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಒಂದು ಮಂಗವನ್ನು ಆರಿಸಿಕೊಂಡು ನಿಗದಿ ಮಾಡಿದ ಹೊತ್ತು ಅದನ್ನೇ ನೋಡುವುದು, ಅದು ಏನು ಮಾಡಿದರೂ ಬರೆಯುವುದು. ಪಕ್ಕದಲ್ಲಿ ಎಷ್ಟೇ ದೊಡ್ಡ ಜಗಳ ಆದರೂ ಕಣ್ಣು ತೆಗೆಯುವಂತಿಲ್ಲ. ಇದು ಬಹಳ ಕಷ್ಟ. ಆದರೆ ಜಗಳ ನೋಡಿದಾಗ ಮಾತ್ರ ಬರೆದರೆ ಮಂಗ ಅಂದರೆ ಬರೀ ಜಗಳ ಅಂತ ಆಗಿಬಿಡುತ್ತದೆ. ದಿನದ ಬಹುಪಾಲು ಅವು ತಿನ್ನುತ್ತವೆ, ಕೂರುತ್ತವೆ, ಒಬ್ಬರ ಮೈ ಒಬ್ಬರು ನೋಡುತ್ತವೆ. ಹೇನು ತೆಗೆಯೋದು ಅಂತ ನಾವು ಹೇಳುವ ಆ ಕೆಲಸದಲ್ಲಿ ಉಣುಗು, ಸತ್ತ ಚರ್ಮ, ಕಸ ಎಲ್ಲ ಹೋಗುತ್ತದೆ. ಅದಕ್ಕಿಂತ ಜಾಸ್ತಿ, ಯಾರು ಯಾರಿಗೆ ಬೇಕಾದವರು ಅನ್ನುವುದು ಅಲ್ಲಿ ಕಾಣುತ್ತದೆ.

ಯಾರು ಮೇಲು, ಯಾರು ಕೆಳಗು ಅಂತ ತಿಳಿಯಲು ಜಗಳಕ್ಕೆ ಕಾಯಬೇಕಿಲ್ಲ. ಒಬ್ಬಳು ಬಂದಾಗ ಇನ್ನೊಬ್ಬಳು ಎದ್ದು ಜಾಗ ಬಿಟ್ಟರೆ ಬರೆದುಕೊಳ್ಳಿ. ಹಲ್ಲು ಕಿರಿದರೆ ನಗು ಅಂದುಕೊಳ್ಳಬೇಡಿ. ಅದು ಸೋತವರು, ಹೆದರಿದವರು ಮಾಡುವುದು. ಇಂಥವನ್ನು ಸಾಲು, ಕಂಬ ಹಾಕಿದ ಪಟ್ಟಿಯಲ್ಲಿ ತುಂಬುತ್ತಾ ಹೋದರೆ ಕೆಲವು ತಿಂಗಳಲ್ಲಿ ಹೆಣ್ಣುಗಳ ಮೇಲು ಕೀಳು ತಾನಾಗಿ ಕಾಣುತ್ತದೆ. ನಮ್ಮ ಗುಂಪಿನಲ್ಲಿ ಕಾವೇರಿಯ ಮನೆತನ ಮೇಲೆ, ತುಂಗೆಯದ್ದು ನಡುವೆ, ಗಂಗೆಯದ್ದು ಕೆಳಗೆ ಇತ್ತು. ಕಮಲಿಯ ಪುಟ್ಟ ಮಗಳು ಕುಸುಮಾ ಬಂದರೆ ಗಂಗೆಯಂಥ ದೊಡ್ಡ ಹೆಣ್ಣು ಅತ್ತಿಹಣ್ಣಿನ ಕೊಂಬೆ ಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು. ಕುಸುಮಾಳ ಕೈಯಲ್ಲಿ ಬಲವಿಲ್ಲ. ಅವಳು ಕಿರುಚಿದರೆ ಅಮ್ಮ, ಅಜ್ಜಿ, ಚಿಕ್ಕಮ್ಮ ಓಡಿ ಬರುತ್ತಾರೆ, ಅದು ಗಂಗೆಗೆ ಗೊತ್ತು. ತಾಯಿಯ ಸ್ಥಾನ ಮಗಳಿಗೆ ಬರುವುದು ಹೀಗೆ.

ಜಪಾನಿನ ಮಂಗಗಳನ್ನು ನೋಡಿ ಶುಂಜೊ ಕವಾಮುರಾ 1958ರಲ್ಲೇ ಎರಡು ವಿಷಯ ಹೇಳಿದ್ದರು. ಮಗಳ ಸ್ಥಾನ ತಾಯಿಯ ಸ್ಥಾನದಿಂದ ಬರುತ್ತದೆ. ಅಕ್ಕತಂಗಿಯರಲ್ಲಿ ಕಿರಿಯವಳು ಹಿರಿಯವಳಿಗಿಂತ ಮೇಲೇರುತ್ತಾಳೆ, ಏಕೆಂದರೆ ತಾಯಿ ಚಿಕ್ಕವಳ ಪರ ನಿಲ್ಲುತ್ತಾಳೆ. ಮೊದಲನೆಯದು ನಮ್ಮ ಗುಂಪಿನಲ್ಲಿ ಹಾಗೇ ಕಂಡಿತು. ಎರಡನೆಯದು ಕಾವೇರಿಯ ಮನೆತನದಲ್ಲಿ ಕಂಡಿತು, ತುಂಗೆಯ ಮನೆತನದಲ್ಲಿ ಕಾಣಲಿಲ್ಲ. ಪುಸ್ತಕದಲ್ಲಿ ಇರುವಂತೆ ಕಾಣಲಿಲ್ಲ ಅಂತ ಹಾಳೆ ತಿದ್ದಬೇಡಿ, ಕಂಡಂತೆ ಬರೆಯಿರಿ. ಉತ್ತರ ಭಾರತದ ರೀಸಸ್ ಮಂಗಗಳಿಗಿಂತ ನಮ್ಮ ಮಂಗಗಳು ಮೃದು. ಮನೆತನ ಬೇರೆಯಾದರೂ ಒಟ್ಟಿಗೆ ಕೂರುತ್ತವೆ, ಮೈ ನೋಡುತ್ತವೆ. ಗಂಡುಗಳೂ ಒಬ್ಬರನ್ನೊಬ್ಬರು ತಬ್ಬಿ ಕೂರುವುದು ಇವುಗಳಲ್ಲಿ ಸಾಮಾನ್ಯ. ಮಳೆಯ ದಿನ ಮತ್ತಿ, ಹೊನ್ನೆ ಇಬ್ಬರೂ ಒಂದೇ ಕೊಂಬೆಯಲ್ಲಿ ಅಂಟಿಕೊಂಡು ಕೂತಿರುತ್ತಿದ್ದವು. ನನಗೆ ಈ ಜಾತಿ ಇಷ್ಟವಾದದ್ದು ಇದಕ್ಕೇ.

ಆದರೆ ಇಷ್ಟೆಲ್ಲ ಹೇಳಬೇಕಾದರೆ ಮೊದಲು ತಾಯಿ ಯಾರು ಅಂತ ಖಚಿತವಾಗಿ ಗೊತ್ತಿರಬೇಕು. ಒಟ್ಟಿಗೆ ಕೂರುವವರೆಲ್ಲ ಅಕ್ಕತಂಗಿಯರಲ್ಲ. ಪ್ರೀತಿ ನೋಡಿ ನೆಂಟಸ್ತಿಕೆ ಬರೆದುಕೊಂಡು, ಆಮೇಲೆ ನೆಂಟರ ನಡುವೆ ಪ್ರೀತಿ ಜಾಸ್ತಿ ಅಂತ ತೀರ್ಮಾನಿಸಿದರೆ ಅದಕ್ಕೆ ಅರ್ಥವೇ ಇಲ್ಲ. ಖಚಿತವಾಗಿ ಬರೆಯಬಹುದಾದ ಒಂದೇ ಸಂಬಂಧ, ಹುಟ್ಟಿದ ಮರಿ ಯಾರ ಹೊಟ್ಟೆಗೆ ಅಂಟಿಕೊಂಡಿದೆ, ಯಾರ ಹಾಲು ಕುಡಿಯುತ್ತಿದೆ ಅನ್ನುವುದು. ಹಾಗಾಗಿ ಹೆರಿಗೆಯ ಕಾಲದಲ್ಲಿ ನೀವು ಅಲ್ಲಿ ಇರಲೇಬೇಕು. ಈ ಮಂಗಗಳಲ್ಲಿ ಮರಿಗಳು ಹೆಚ್ಚಾಗಿ ಹುಟ್ಟುವುದು ಬೇಸಿಗೆಯ ಕಡೆಗೆ, ಫೆಬ್ರವರಿ, ಮಾರ್ಚ್ ಸುಮಾರಿಗೆ.

ಮಲೆನಾಡಿನವರಿಗೆ ಇಷ್ಟು ಓದಿದ ಕೂಡಲೇ ತೊಂದರೆ ಏನು ಅಂತ ಹೊಳೆದಿರುತ್ತದೆ. ಅದೇ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಇದು. ಉಣುಗಿನಿಂದ ಬರುತ್ತದೆ. ಡಿಸೆಂಬರಿನಿಂದ ಮೇ ತನಕ ಮರಿ ಉಣುಗುಗಳು ಜಾಸ್ತಿ. ಮಂಗಗಳಿಗೂ ಬರುತ್ತದೆ, ಅವು ಸಾಯುತ್ತವೆ. ಹಳೆಯ ಲಸಿಕೆ ಈಗ ಕೊಡುತ್ತಿಲ್ಲ. ನಾವು ಮಾಡಿದ್ದು ಇಷ್ಟು: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಕೈ ಕಾಲಿಗೆ ಹಚ್ಚುವುದು, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸುವುದು, ಒಣಗೆಲೆಯ ಮೇಲೆ ಕೂರದಿರುವುದು, ಸಂಜೆ ಬಂದ ತಕ್ಷಣ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡುವುದು. ಜ್ವರ ಬಂದರೆ ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ ಕಾಡಿಗೆ ಹೋಗುತ್ತಿದ್ದೆ ಅಂತ ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಗಾರ್ಡ್‌ಗೋ ಆಶಾ ಕಾರ್ಯಕರ್ತೆಗೋ ತಿಳಿಸಿ.

ಎರಡನೇ ಬೇಸಿಗೆಯಲ್ಲಿ ಅದೇ ಆಯಿತು. ಬೆಟ್ಟದ ಕೆಳಗೆ ಒಂದು ಮುಸಿಯ ಸತ್ತು ಬಿದ್ದಿತ್ತು. ತಿಳಿಸಿದೆವು. ಆರೋಗ್ಯ ಇಲಾಖೆಯವರು, ಪಶುವೈದ್ಯರು ಬಂದರು, ಸುತ್ತ ಔಷಧಿ ಪುಡಿ ಹಾಕಿದರು. ಕಾಡಿಗೆ ಹೋಗುವುದು ಬೇಡ ಅಂದರು. ಸರಿಯಾದ ಮಾತೇ. ನಾನು ಕೋಣೆಯಲ್ಲಿ ಕೂತು ಇವತ್ತು ಕಮಲಿ ಹೆತ್ತಿರಬಹುದು, ತುಂಗೆ ಹೆತ್ತಿರಬಹುದು ಅಂತ ಲೆಕ್ಕ ಹಾಕುತ್ತಿದ್ದೆ. ಅವು ಬದುಕಿವೆಯೋ ಇಲ್ಲವೋ ಅನ್ನುವ ಚಿಂತೆ ಇನ್ನೂ ದೊಡ್ಡದು. ಊರಿನಲ್ಲಿ ಒಬ್ಬರಿಗೆ ಜ್ವರ ಬಂದಾಗ ಎಲ್ಲರ ಮನೆಯಲ್ಲೂ ಭಯ ಇತ್ತು. ಅವರು ಗುಣವಾದರು. ಮತ್ತೆ ಕಾಡಿಗೆ ಹೋಗುವಷ್ಟರಲ್ಲಿ ಮರಿಗಳು ತಾಯಿಯ ಮೈ ಬಿಟ್ಟು ಆಡಲು ಶುರು ಮಾಡಿದ್ದವು. ಗಂಗೆ ಕಾಣಲಿಲ್ಲ. ಆಮೇಲೂ ಕಾಣಲಿಲ್ಲ.

ಹುಟ್ಟು ನೋಡದ ಮರಿಗಳ ತಾಯಿಯನ್ನು ತಿಳಿಯಲು ಮೂರು ಗುರುತು ಇಟ್ಟುಕೊಂಡೆ. ಹಾಲು ಕುಡಿಸುವ ಹೆಣ್ಣಿನ ಮೊಲೆತೊಟ್ಟು ಉದ್ದ ಆಗಿರುತ್ತದೆ. ಅಪಾಯದ ಕೂಗು ಕೇಳಿದಾಗ ಮರಿ ಓಡುವುದು ತಾಯಿಯ ಬಳಿಗೆ. ರಾತ್ರಿ ಮಲಗುವಾಗ ತಾಯಿಯ ಹೊಟ್ಟೆಗೆ ಅಂಟಿಕೊಂಡೇ ಇರುತ್ತದೆ. ಮೂರೂ ಹಲವು ಸಲ ಹೊಂದಿದರೆ ಮಾತ್ರ "ತಾಯಿ: ಬಹುಶಃ" ಅಂತ ಬರೆದೆ. ನೋಡಿದ್ದಕ್ಕೂ ಊಹಿಸಿದ್ದಕ್ಕೂ ಬೇರೆ ಬೇರೆ ಬಣ್ಣದ ಶಾಯಿ ಬಳಸಿ. ಎರಡು ವರ್ಷ ಆದ ಮೇಲೆ ಯಾವುದು ಕಣ್ಣಾರೆ ಕಂಡದ್ದು ಅನ್ನೋದು ನಿಮಗೇ ನೆನಪಿರುವುದಿಲ್ಲ.

ಗಂಗೆ ಹೋದ ಮೇಲೆ ಅವಳ ಮಗಳು ಗೌರಿಯನ್ನು ನೋಡಿದ್ದು ನನಗೆ ಬಹಳ ಕಲಿಸಿತು. ಮೊದಲೇ ಕೆಳಗಿನ ಮನೆತನ. ಈಗ ಪರ ನಿಲ್ಲಲು ಅಮ್ಮನೂ ಇಲ್ಲ. ಗೌರಿ ಗುಂಪಿನ ಅಂಚಿನಲ್ಲಿ ತಿನ್ನಲು ಶುರು ಮಾಡಿದಳು. ಹಣ್ಣಿನ ಮರಕ್ಕೆ ಎಲ್ಲರೂ ಇಳಿದ ಮೇಲೆ ಹತ್ತುತ್ತಿದ್ದಳು. ತುಂಗೆಯ ಮೈ ನೋಡುವುದು ಹೆಚ್ಚು ಮಾಡಿದಳು, ನಿಧಾನವಾಗಿ ತುಂಗೆಯ ಪಕ್ಕ ಕೂರುವ ಜಾಗ ಸಿಕ್ಕಿತು. ಈ ಭಾಗವನ್ನು ಪ್ರಬಂಧದಲ್ಲಿ ಬರೀ ಅಂಕಿಗಳಲ್ಲಿ ಬರೆದಿದ್ದೇನೆ. ನೋಡುವಾಗ ಅದು ಅಂಕಿ ಆಗಿರಲಿಲ್ಲ.

ಮೂರನೇ ವರ್ಷ ಇನ್ನೊಂದು ಘಟನೆ. ಒಂದು ಬೆಳಿಗ್ಗೆ ರಸ್ತೆಯ ತಿರುವಿನ ಹತ್ತಿರ ನಮ್ಮ ಆಲ್ಬಮ್‌ನಲ್ಲಿ ಇಲ್ಲದ ಮುಖಗಳು. ಮೂರು ಹೆಣ್ಣು, ಕೆಲವು ಮರಿಗಳು, ಒಂದು ಗಂಡು. ಮನುಷ್ಯರ ಹತ್ತಿರಕ್ಕೆ ಕೈ ಚಾಚಿ ಬರುತ್ತಿದ್ದವು. ರಾತ್ರಿ ಯಾರೋ ಪಟ್ಟಣದಲ್ಲಿ ಹಿಡಿದು ಗಾಡಿಯಲ್ಲಿ ತಂದು ಬಿಟ್ಟಿದ್ದರು. ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಮಂಗಗಳನ್ನು ಹಿಡಿಯುವಂತಿಲ್ಲ. ಆದರೂ ಇದು ನಡೆಯುತ್ತದೆ. ಜಾಗದ ಹೆಸರು ಹೇಳದಿರುವುದು ಇದಕ್ಕೇ. ಮಂಗಗಳಿರುವ ಘಟ್ಟ ಅಂತ ಗೊತ್ತಾದರೆ ಇನ್ನಷ್ಟು ಗಾಡಿ ಬರುತ್ತವೆ.

ಗಂಡು ಬೇರೆ ಗುಂಪಿಗೆ ಸೇರಬಲ್ಲದು, ಅದರ ಬದುಕೇ ಹಾಗೆ. ಹೊರಗಿನ ಹೆಣ್ಣಿಗೆ ಇಲ್ಲಿ ತಾಯಿಯಿಲ್ಲ, ಮನೆತನವಿಲ್ಲ, ಸ್ಥಾನವಿಲ್ಲ. ಕಾವೇರಿ, ತುಂಗೆಯ ಕಡೆಯವರು ಸೇರಿ ಆ ಹೆಣ್ಣುಗಳನ್ನು ದಿನವೂ ಅಟ್ಟಿದರು. ಅವು ರಸ್ತೆಯಲ್ಲೇ ಉಳಿದವು. ಒಂದು ವಾಹನಕ್ಕೆ ಸಿಕ್ಕಿತು. ಉಳಿದವು ಹತ್ತಿರದ ಮನೆಗಳ ಹಂಚು ತೆಗೆದು ಒಳಗೆ ನುಗ್ಗತೊಡಗಿದವು. ಪಾನಕ ಕೊಟ್ಟಿದ್ದ ಹಿರಿಯರಿಗೆ ಆಗ ನನ್ನ ಬಳಿ ಉತ್ತರ ಇತ್ತು. ಹೋಗಿ ಹೇಳಿದೆ: "ಅಜ್ಜಾ, ಹಿಡಿದು ಬೇರೆ ಕಡೆ ಬಿಟ್ಟರೆ ತೊಂದರೆ ಮುಗಿಯುವುದಿಲ್ಲ, ಇನ್ನೊಬ್ಬರ ಮನೆಗೆ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಪಕ್ಕದ ಗುಂಪು ಬರುತ್ತದೆ." ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಪರಿಹಾರ ದುಡ್ಡಾದರೂ ಸರಿಯಾಗಿ ಕೊಡಲಿ" ಅಂದರು. ಆ ಮಾತನ್ನು ಇಲಾಖೆಗೆ ಕೊಟ್ಟ ವರದಿಯಲ್ಲಿ ಸೇರಿಸಿದ್ದೇನೆ. ಶಿವಮೊಗ್ಗ ಜಿಲ್ಲೆಯಲ್ಲಿ ಕೆಲವು ವರ್ಷಗಳ ಹಿಂದೆ ಮಂಕಿ ಪಾರ್ಕ್ ಮಾಡುವ ಮಾತು ಎದ್ದಿತ್ತಲ್ಲ, ಅಂಥ ಯೋಜನೆಗಳನ್ನು ಮಾಡುವವರು ಮೊದಲು ಒಂದು ಗುಂಪಿನ ಮನೆತನದ ಪಟ್ಟಿ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ತಂದೆಯ ಕಡೆ. ಹೆಣ್ಣು ಹಲವು ಗಂಡುಗಳ ಜೊತೆ ಸೇರುವುದರಿಂದ ನೋಡಿ 'ತಂದೆ ಇವನೇ' ಅಂತ ಹೇಳಲಾಗದು. ಡಿಎನ್‌ಎ ಬೇಕು, ಅದಕ್ಕೆ ಹಿಕ್ಕೆ ಸಾಕು. ಯಾರು ಹಾಕಿದ್ದು ಅಂತ ಕಣ್ಣಾರೆ ಕಂಡ, ಆಗ ತಾನೇ ಬಿದ್ದ ಹಿಕ್ಕೆಯ ಹೊರಮೈಯಿಂದ ಸ್ವಲ್ಪ ತೆಗೆದು ಶುದ್ಧ ಆಲ್ಕೋಹಾಲಿಗೆ ಹಾಕಿ, ಮಾರನೇ ದಿನ ಸಿಲಿಕಾ ಹರಳುಗಳ ಡಬ್ಬಿಗೆ ಬದಲಾಯಿಸುತ್ತಿದ್ದೆವು. ಮಳೆ ಬಿದ್ದರೆ ಕೆಲಸಕ್ಕೆ ಬಾರದು. ಶುದ್ಧ ಆಲ್ಕೋಹಾಲ್ ಅಂಗಡಿಯಲ್ಲಿ ಸಿಗುವುದಿಲ್ಲ, ಅಬಕಾರಿ ಪರವಾನಗಿ ಇರುವ ಸಂಸ್ಥೆಯ ಮೂಲಕವೇ ತರಿಸಬೇಕು. ಕೊರಿಯರ್‌ನವರು ತೆಗೆದುಕೊಳ್ಳುವುದಿಲ್ಲ. ಸಿಲಿಕಾಕ್ಕೆ ಬದಲಾಯಿಸಿದ ಮೇಲೆ ನಾನೇ ಲ್ಯಾಬಿಗೆ ಒಯ್ದೆ. ಮನುಷ್ಯರಿಗೆಂದು ಕಂಡುಹಿಡಿದ ಕೆಲವು ಡಿಎನ್‌ಎ ಗುರುತುಗಳು ಮಂಗಗಳಿಗೂ ಕೆಲಸ ಮಾಡುತ್ತವೆ, ಅದು ದೊಡ್ಡ ಅನುಕೂಲ. ಆದರೂ ಎಲ್ಲ ಡಬ್ಬಿಗಳಿಂದ ಫಲಿತಾಂಶ ಬರುವುದಿಲ್ಲ. ಒಂದೊಂದನ್ನೂ ಮತ್ತೆ ಮತ್ತೆ ಪರೀಕ್ಷೆ ಮಾಡಬೇಕು, ಪ್ರತಿ ಸಲವೂ ಖರ್ಚು. ನನ್ನ ಇಡೀ ಕೆಲಸದಲ್ಲಿ ಜಾಸ್ತಿ ದುಡ್ಡು ಹೋದದ್ದು ಇಲ್ಲೇ. ಊಹಿಸಿದ ತಾಯಂದಿರಲ್ಲಿ ಹೆಚ್ಚಿನವರು ಸರಿ ಅಂತ ಬಂತು. ಮರಿಗಳ ತಂದೆ ಎಲ್ಲ ಮತ್ತಿಯೇ ಇರಬೇಕು ಅಂತ ಊರವರು ಹೇಳುತ್ತಿದ್ದರು, ಗುಂಪಿನ ದೊಡ್ಡ ಗಂಡು ಅವನೇ. ಹಾಗಿರಲಿಲ್ಲ. ಕೆಲವು ಮರಿಗಳು ಹೊನ್ನೆಯದ್ದು. ಕೆಲವಕ್ಕೆ ನಮ್ಮ ಪಟ್ಟಿಯ ಯಾವ ಗಂಡೂ ಹೊಂದಲಿಲ್ಲ.

ತಂದೆ ಒಬ್ಬನೇ ಆದ, ತಾಯಿ ಬೇರೆಯಾದ ಅಕ್ಕತಂಗಿಯರು ಒಬ್ಬರನ್ನೊಬ್ಬರು ಗುರುತಿಸುತ್ತಾರಾ ಅನ್ನುವುದು ನನ್ನ ಕೊನೆಯ ಅಧ್ಯಾಯ. 1938ರಲ್ಲಿ ಭಾರತದಿಂದ ಹಡಗಿನಲ್ಲಿ ಒಯ್ದು ಪೋರ್ಟೊರಿಕೊದ ಕಾಯೊ ಸ್ಯಾಂಟಿಯಾಗೊ ದ್ವೀಪದಲ್ಲಿ ಬಿಟ್ಟ ರೀಸಸ್ ಮಂಗಗಳ ಪೀಳಿಗೆಯಲ್ಲಿ, ಅಂಥ ಅಕ್ಕತಂಗಿಯರ ನಡುವೆ ನೆಂಟರಲ್ಲದವರಿಗಿಂತ ಒಡನಾಟ ಜಾಸ್ತಿ ಅಂತ ಆನ್ಯಾ ವಿಡಿಗ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ್ದಾರೆ. ಅಲ್ಲಿ ತಲೆಮಾರುಗಳ ದಾಖಲೆ ಇದೆ. ನನ್ನ ಒಂದು ಗುಂಪಿನ ಕೆಲವೇ ಜೋಡಿಗಳಿಂದ ಹೌದು, ಇಲ್ಲ ಎರಡನ್ನೂ ಹೇಳಲಾಗಲಿಲ್ಲ, ಹಾಗೇ ಬರೆದೆ. ಪರೀಕ್ಷಕರು ಕೇಳಿದರೂ ಅದನ್ನೇ ಹೇಳುತ್ತೇನೆ.

ಖರ್ಚಿನ ಬಗ್ಗೆ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ, ಆರು ತಿಂಗಳ ಬಾಡಿಗೆ, ಕೂಲಿ, ಪೆಟ್ರೋಲು ಕೈಯಲ್ಲಿಟ್ಟುಕೊಂಡು ಶುರು ಮಾಡಿ. ನಾನು ಅಮ್ಮನ ಬಳೆ ಸೊಸೈಟಿಯಲ್ಲಿ ಇಡಬೇಕಾಯಿತು. ದುರ್ಬೀನು 8x42 ಸಾಕು, ಮಳೆಗೆ ತಡೆಯುವುದನ್ನೇ ಕೊಳ್ಳಿ. ಹಾಳೆಗಳನ್ನು ಪೆನ್ಸಿಲ್‌ನಲ್ಲಿ ಬರೆದು ರಾತ್ರಿ ಅದರ ಮೇಲೇ ಶಾಯಿಯಲ್ಲಿ ಬರೆದು, ಫೋಟೋ ತೆಗೆದಿಡಿ. ಅನುಮತಿ ಮುಗಿಯುವ ನಾಲ್ಕು ತಿಂಗಳ ಮೊದಲೇ ವಿಸ್ತರಣೆಗೆ ಅರ್ಜಿ ಕೊಡಿ. ವರ್ಷದ ವರದಿ ಕೊಡದಿದ್ದರೆ ವಿಸ್ತರಣೆ ನಿಲ್ಲುತ್ತದೆ.

ಆಲ್ಬಮ್, ಮನೆತನದ ಪಟ್ಟಿ, ಹಾಳೆಗಳ ಪ್ರತಿ ಎಲ್ಲವನ್ನೂ ವಿಭಾಗದಲ್ಲಿ ಇಟ್ಟಿದ್ದೇನೆ. ಮುಂದಿನವರು ಹೊಸದಾಗಿ ಶುರು ಮಾಡುವುದು ಬೇಡ. ಗೌರಿಗೆ ಈ ಬೇಸಿಗೆಯಲ್ಲಿ ಹೆಣ್ಣುಮರಿ ಹುಟ್ಟಿದೆ ಅಂತ ಸಹಾಯಕ ಅಣ್ಣ ಫೋನ್ ಮಾಡಿದ್ದರು, ಹುಟ್ಟಿದ ದಿನವೇ ನೋಡಿ ಬರೆದುಕೊಂಡಿದ್ದಾರಂತೆ. ಗ ಅಕ್ಷರದಲ್ಲಿ ಹೆಸರಿಡುವುದು ಹೊಸದಾಗಿ ಸೇರಿದ ವಿದ್ಯಾರ್ಥಿಯ ಕೆಲಸ. ಅವಳ ಅರ್ಜಿಗೆ ಇನ್‌ವರ್ಡ್ ನಂಬರ್ ಸಿಕ್ಕಿದೆ.